ಹೊಳೆಗಿಳಿದ ದಿನ

ಹರಿಯುವ ಹೊಳೆಯ ದಂಡೆಯಲ್ಲಿ ಕೂತಿದ್ದರೂ ವುಝೂ ಮಾಡುವಾಗ ನೀರು ಪೋಲು ಮಾಡಬಾರದೆಂದು ಮಕ್ತಬ್‌ನಲ್ಲಿ ಕಲಿತವರು ನಾವು ಅಕ್ಕ-ತಂಗಿಯರು. ಆದರೆ ಹೊಳೆಗೆ ಇಳಿಯುವುದನ್ನು ನಮಗೆ ಯಾರೂ ಕಲಿಸಲಿಲ್ಲ. ಅಣ್ಣಂದಿರು ಬೇಸಿಗೆಯಿಡೀ ನೀರಲ್ಲೇ ಬಿದ್ದಿರುತ್ತಿದ್ದರು. ನಾವು ದಂಡೆಯ ಕಲ್ಲಿನ ಮೇಲೆ ಅವರ ಬಟ್ಟೆ ಒಗೆದು, ಪಾದ ನೆನೆಸಿಕೊಂಡು ಮನೆಗೆ ಬರುತ್ತಿದ್ದೆವು. 'ಹೆಣ್ಣುಮಕ್ಕಳಿಗೆ ಈಜು ಯಾಕೆ?' ಎನ್ನುವ ಅಮ್ಮಿಗೆ ಎದುರಾಡುವ ಧೈರ್ಯ ನಮಗಿರಲಿಲ್ಲ.

ನಲವತ್ತು ದಾಟಿದ ಮೇಲೆ, ಆಪಾಳ ಮಗಳ ಹಠಕ್ಕೆ ಸೋತು, ಮಳೆಗಾಲ ಕಳೆದ ಒಂದು ದಿನ ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಕಾಳಿ ನದಿಯ ಮುಂದೆ ನಿಂತೆವು. ದಿಗ್ಗಿಯ ಬಳಿ ಸಹ್ಯಾದ್ರಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ಹೊಳೆಯಿದು. ಕಯಾಕ್ ಎಂದರೆ ಒಬ್ಬರೋ ಇಬ್ಬರೋ ಕೂರುವ ಸಪೂರ ದೋಣಿ. ಅದರ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ನಮ್ಮಂಥ ಹೊಸಬರನ್ನು ನೀರು ನಿಧಾನವಾಗಿ ಸಾಗುವ ಕಡೆಯೇ ಇಳಿಸುತ್ತಾರೆ.

ದುಪಟ್ಟಾ ಬಿಗಿಯಾಗಿ ಸುತ್ತಿ, ಮೇಲೆ ಹೆಲ್ಮೆಟ್ ಹಾಕಿ, ಕಮೀಜಿನ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡೆವು. ಜನ ಏನಂದಾರೋ ಎಂದು ಸುತ್ತ ನೋಡಿದೆವು. ನಮ್ಮನ್ನು ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಕಲಿಸುವ ಹುಡುಗ ಅದೇ ಸೀಮೆಯವನು. 'ಅಕ್ಕಾ, ಹುಟ್ಟನ್ನು ಅಷ್ಟು ಬಿಗಿಯಾಗಿ ಹಿಡೀಬೇಡಿ. ಬರೀ ತೋಳಲ್ಲ, ಸೊಂಟವೂ ತಿರುಗಲಿ. ಬಲಕ್ಕೆ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ಹೋಗ್ತದೆ. ಬಂಡೆಗೆ ತಾಗಿದರೆ ಹೆದರಿ ಹಿಂದೆ ಸರೀಬೇಡಿ, ಬಂಡೆ ಕಡೆಗೇ ವಾಲಿ. ಈಚೆ ವಾಲಿದರೆ ನೀರು ದೋಣಿ ಮಗುಚ್ತದೆ. ಬಿದ್ದರೆ ಅಂಗಾತ ತೇಲಿ, ಕಾಲು ಹೊಳೆ ಹರಿಯೋ ದಿಕ್ಕಿಗಿರಲಿ.'

ಬಿಸ್ಮಿಲ್ಲಾ ಹೇಳಿ ಕೂತೆವು. ಮೊದಲು ದೋಣಿ ಗಾಣದೆತ್ತಿನಂತೆ ನಿಂತಲ್ಲೇ ಸುತ್ತಿತು. ಆಮೇಲೆ ಇಬ್ಬರ ಹುಟ್ಟೂ ಒಂದೇ ಲಯಕ್ಕೆ ಬಿತ್ತು. ಮರದಿಂದ ಮಂಗಟ್ಟೆ ಹಕ್ಕಿಯೊಂದು ರೆಕ್ಕೆ ಸದ್ದು ಮಾಡುತ್ತ ಹೊಳೆ ದಾಟಿತು. ನಡು ಹೊಳೆಯಲ್ಲಿ ಆಪಾ, 'ಅಮ್ಮಿ ಈಗ ನೋಡಿದ್ದರೆ?' ಎಂದಳು. ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಾಗಲಿಲ್ಲ.

'ಹೊಳೆ ಯಾವಾಗಲೂ ಇಷ್ಟು ಸಾಧುವೇ?' ಎಂದು ಹುಡುಗನನ್ನು ಕೇಳಿದೆವು.

'ಮೇಲೆ ಸೂಪಾ ಅಣೆಕಟ್ಟಿನಿಂದ ಎಷ್ಟು ಬಿಡ್ತಾರೋ ಅಷ್ಟೇ ನೀರು ಅಕ್ಕಾ. ನಮ್ಮಜ್ಜಿ ಮನೆ ಆ ನೀರಿನಡಿಯೇ ಉಂಟು.'

1987ರಲ್ಲಿ ಪೂರ್ಣಗೊಂಡ, 101 ಮೀಟರ್ ಎತ್ತರದ ಆ ಅಣೆಕಟ್ಟೆಯ ಹಿನ್ನೀರಿನಲ್ಲಿ ಸೂಪಾ ಎಂಬ ತಾಲೂಕು ಕೇಂದ್ರವೇ ಮುಳುಗಿತು. ತಾಲೂಕಿನ ಹೆಸರೂ ಜೋಯಿಡಾ ಎಂದಾಯಿತು. ನಮಗೆ ನೀರೆಂದರೆ ಚಿಕ್ಕಂದಿನಲ್ಲಿ ಸಿಗದೆ ಹೋದ ಆಟ. ಆ ಅಜ್ಜಿಗೆ ಅದು ಕಳೆದುಹೋದ ಮನೆ. ನಮ್ಮ ಭಯ ಬಿಡಿಸಿದ ಈ ನೀರು, ಬೇರೆಯವರ ಅಂಗಳ ದಾಟಿಯೇ ನಮ್ಮ ದೋಣಿಯಡಿ ಬಂದಿತ್ತು.

ದಡ ಸೇರುವಾಗ ಅಸರ್ ಹೊತ್ತು. ಹೊಳೆಯಂಚಿನಲ್ಲಿ ಕೂತು ವುಝೂ ಮಾಡಿದೆವು. ಎದುರಿಗೆ ಹೊಳೆ ತುಂಬಿ ಹರಿಯುತ್ತಿತ್ತು. ಬೇಕಾದಷ್ಟು ಬೊಗಸೆಯನ್ನಷ್ಟೇ ತೆಗೆದುಕೊಂಡೆವು.