ಹೊಸ ಹ್ಯಾಟೆಗಳ ಪೋಷಣೆ

ಹಿತ್ತಿಲಲ್ಲಿ ಕೋಳಿಗಳನ್ನು ಸಾಕುವುದು ಬಹು ಸುಲಭವೆಂದು ಹಲವರು ಭಾವಿಸಿರುವರು. ಮರಿಗಳನ್ನು ಮೊದಲಿನಿಂದಲೂ ಬೆಳೆಸಿದವರಿಗೆ ಅದು ನಿಜವಾಗಿರಬಹುದು. ಆದರೆ ಇನ್ನೂ ಮೊಟ್ಟೆಯಿಡದ ಎಳೆಯ ಹ್ಯಾಟೆಗಳನ್ನು ಕೊಂಡು ತಂದು, ಹೊಸ ಗೂಡಿಗೆ ಬಿಟ್ಟ ಮೊದಲ ಹದಿನೈದು ದಿನಗಳ ಚಿಂತೆಯು ಅನುಭವಿಸಿದವರಿಗೇ ಗೊತ್ತು. ಈ ಕಾರ್ಯವನ್ನು ಕೈಕೊಳ್ಳಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಪ್ರಯೋಜನವಾದೀತೆಂದು ನಮ್ಮ ಅನುಭವವನ್ನು ಇಲ್ಲಿ ಅರಿಕೆಮಾಡುತ್ತೇವೆ.

ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಲಯದ ಬಾಲಿಕೆಯರು ತಮ್ಮ ಕೈಖರ್ಚಿನಲ್ಲಿ ಉಳಿಸಿದ ಹಣದಿಂದ 16 ವಾರ ವಯಸ್ಸಿನ 12 ಗಿರಿರಾಜ ಹ್ಯಾಟೆಗಳನ್ನು ಕೊಂಡರು. ಈ ತಳಿಯು ಹಿತ್ತಿಲ ಸಾಕಣೆಗೆಂದೇ ಬೆಂಗಳೂರಿನಲ್ಲಿ ರೂಪಿಸಲ್ಪಟ್ಟುದು. ನಿಲಯದ ಚಿಕ್ಕ ಮಕ್ಕಳಿಗೆ ಬೆಳಗಿನ ಉಪಾಹಾರದೊಡನೆ ಮೊಟ್ಟೆ ದೊರೆಯಬೇಕೆಂಬುದೇ ದೊಡ್ಡ ಹುಡುಗಿಯರ ಉದ್ದೇಶ. ಆದುದರಿಂದ ಒಂದು ಹಕ್ಕಿ ಸೊರಗಿದರೂ ಆ ಮಕ್ಕಳ ಮಿಠಾಯಿಯ ಕಾಸುಗಳು ವ್ಯರ್ಥವಾದಂತೆಯೇ ಸರಿ.

ಮಾರಿದವರು ಅವುಗಳನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಇಕ್ಕಟ್ಟಾದ ಬುಟ್ಟಿಗಳೊಳಗೆ ತಂದಿದ್ದರು. ಮೊದಲ ದಿನ ಅವು ಮೂಲೆಯೊಂದರಲ್ಲಿ ಗುಂಪಾಗಿ ನಿಂತು ಸದ್ದನ್ನೇ ಮಾಡಲಿಲ್ಲ, ಕಾಳನ್ನೂ ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ಒಂದು ಸತ್ತು ಬಿದ್ದಿತ್ತು. ಹುಡುಗಿಯರು ಅತ್ತರು, ನಮಗೂ ರಾಣಿಖೇತ ರೋಗದ ಭಯವು ಹುಟ್ಟಿತು. ಏದುಸಿರು, ಹಸುರು ಭೇದಿ, ಕತ್ತು ತಿರುಚಿಕೊಳ್ಳುವುದು ಇದರ ಲಕ್ಷಣಗಳು. ಬಂದ ಮೇಲೆ ಇದಕ್ಕೆ ಔಷಧವಿಲ್ಲ. ಮುಂಚೆ ಹಾಕಿಸಿದ ಲಸಿಕೆಯೊಂದೇ ರಕ್ಷಣೆ. ಪಶುವೈದ್ಯರು ಬಂದು ಸತ್ತ ಹಕ್ಕಿಯನ್ನು ಸೀಳಿ ಪರೀಕ್ಷಿಸಿ, ಅಂಟುರೋಗದ ಚಿಹ್ನೆಯಿಲ್ಲವೆಂದೂ ಬಿಸಿಲೂ ಪ್ರಯಾಣವೂ ಅದನ್ನು ಕೊಂದವೆಂದೂ ತಿಳಿಸಿದರು. ಉಳಿದವುಗಳಿಗೆ 8ನೆಯ ವಾರದಲ್ಲಿ ಲಸಿಕೆಯಾಗಿತ್ತೆಂದು ಕೇಳಿ ಸಮಾಧಾನಪಟ್ಟರು. ಕೊಳ್ಳುವವರು ಬೆಲೆಗಿಂತ ಮೊದಲು ಲಸಿಕೆಯನ್ನು ವಿಚಾರಿಸತಕ್ಕದ್ದು. ಮನೆಯಲ್ಲಿ ಮೊದಲೇ ಕೋಳಿಗಳಿದ್ದರೆ ಹೊಸವನ್ನು 3-4 ವಾರ ಬೇರೆಯಾಗಿಯೇ ಇಡಬೇಕು.

ಆ ವೈದ್ಯರಿಂದ ನಾವು ಕಲಿತ ಮುಖ್ಯ ಪಾಠವೇನೆಂದರೆ, ಮೌನವೇ ರೋಗವಲ್ಲ. ಹೊಸದಾಗಿ ನಿಲಯಕ್ಕೆ ಬಂದ ಹುಡುಗಿಯೂ ಮೊದಲ ದಿನ ಅನ್ನವನ್ನು ಬಿಟ್ಟು ಕುಳಿತಿರುವುದನ್ನು ನಾವು ಇಷ್ಟು ವರ್ಷ ಕಂಡಿಲ್ಲವೇ? ಹತ್ತು ಮಂದಿ ಸುತ್ತುವರಿದು ಕಾರಣ ಕೇಳಿದರೆ ಅವಳ ಅಳು ಹೆಚ್ಚುವುದು. ಹಕ್ಕಿಗಳನ್ನೂ ಪದೇ ಪದೇ ಎತ್ತಿ ನೋಡುವುದನ್ನು ನಿಲ್ಲಿಸಿ, ನೆರಳನ್ನೂ ತಣ್ಣೀರನ್ನೂ ಒದಗಿಸಿ, ದೂರದಿಂದ ಗಮನಿಸಿದೆವು. ಕೋಳಿಯು ತಿನ್ನುವ ಆಹಾರದ ತೂಕಕ್ಕೆ ಸುಮಾರು ಎರಡರಷ್ಟು ನೀರನ್ನು ಕುಡಿಯುತ್ತದೆ. ಬೇಸಗೆಯಲ್ಲಿ ಇನ್ನೂ ಹೆಚ್ಚು.

ಗಮನಿಸುವುದಕ್ಕೂ ಒಂದು ಕ್ರಮವುಂಟು. ಕತ್ತಿನ ಬುಡದಲ್ಲಿ ಎದೆಯ ಮೇಲಿರುವ ಕಾಳುಚೀಲವನ್ನು ಕತ್ತಲಾದ ಮೇಲೆ ಮೆಲ್ಲನೆ ಮುಟ್ಟಿದರೆ ಅದು ತುಂಬಿರಬೇಕು, ಬೆಳಿಗ್ಗೆ ಬರಿದಾಗಿರಬೇಕು. ರಾತ್ರಿ ಬರಿದಾಗಿದ್ದರೆ ಹಕ್ಕಿಯು ಉಪವಾಸವಿದೆ. ಬೆಳಿಗ್ಗೆಯೂ ತುಂಬಿಯೇ ಇದ್ದರೆ ಒಳಗೆ ತಡೆಯಿದೆ. ಆಗಾಗ ಬೀಳುವ ಕಂದುಬಣ್ಣದ ಅಂಟಾದ ಹಿಕ್ಕೆಯನ್ನು ಕಂಡು ಹೆದರಬೇಕಾದುದಿಲ್ಲ, ಅದು ಸಹಜ; ರಕ್ತ ಕಂಡರೆ ಮಾತ್ರ ವೈದ್ಯರಿಗೆ ಹೇಳಿಕಳುಹಿಸಬೇಕು.

ನಾಲ್ಕನೆಯ ದಿನ ಉಣ್ಣತೊಡಗಿದ ಕೂಡಲೇ ಜಗಳವೂ ಆರಂಭವಾಯಿತು. ಎಲ್ಲಕ್ಕೂ ಚಿಕ್ಕದನ್ನು ಮಿಕ್ಕವು ಕುಟುಕಿ ಅಟ್ಟುತ್ತಿದ್ದುವು. ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದೆಂಬ ಕ್ರಮವಿರುವುದನ್ನು ನಾರ್ವೆಯ ಶೆಲ್ಡರಪ್-ಎಬ್ಬೆ ಎಂಬ ವಿದ್ವಾಂಸನು 1922ರಲ್ಲಿ ಪ್ರಕಟಿಸಿದನು. ಈ ಕ್ರಮವು ನೆಲೆಗೊಂಡ ಮೇಲೆ ಹೊಡೆದಾಟವು ತಗ್ಗುವುದು. ಚಿಕ್ಕದನ್ನು ತಮ್ಮ ಕೋಣೆಯಲ್ಲಿಟ್ಟುಕೊಳ್ಳುವೆವೆಂದು ಹುಡುಗಿಯರು ಬೇಡಿದರು. ಹಾಗೆ ಬೇರ್ಪಡಿಸಿ ಮತ್ತೆ ತಂದರೆ ಅದು ಪುನಃ ಪರಕೀಯವಾಗುವುದೆಂದು ನಾವು ಒಪ್ಪಲಿಲ್ಲ. ಅದರ ಬದಲು ಮೇವಿನ ಪಾತ್ರೆಗಳನ್ನು ಎರಡು ಮಾಡಿ ದೂರದೂರ ಇರಿಸಿದೆವು. ಮರೆಗೆಂದು ಒಂದು ಹಳೆಯ ಹಲಗೆಯನ್ನು ಒರಗಿಸಿದೆವು. ರಕ್ತ ಕಾಣಿಸಿದ್ದರೆ ಮಾತ್ರ ಅದನ್ನು ಒಡನೆಯೇ ಬೇರ್ಪಡಿಸುತ್ತಿದ್ದೆವು, ಏಕೆಂದರೆ ಗಾಯದ ಕೆಂಪು ಮಿಕ್ಕವುಗಳನ್ನು ಇನ್ನಷ್ಟು ಕೆರಳಿಸುವುದು.

ಮೊಟ್ಟೆ ಬೇಗ ಬರಲೆಂದು ಸುಣ್ಣದಂಶ ಹೆಚ್ಚಾದ ಆಹಾರವನ್ನು ಮುಂಚೆಯೇ ಕೊಡುವುದು ತರವಲ್ಲ. ಎಳೆಯ ಹಕ್ಕಿಯ ಮೂತ್ರಪಿಂಡಗಳಿಗೆ ಅದರಿಂದ ಕೇಡು. ಜುಟ್ಟು ಕೆಂಪೇರಿ, ಬೆನ್ನ ಮೇಲೆ ಕೈಯಿಟ್ಟರೆ ಕುಕ್ಕರಿಸಿ ಕೂತರೆ ಕಾಲವು ಸಮೀಪಿಸಿತೆಂದು ತಿಳಿಯಬೇಕು. ನಮ್ಮಲ್ಲಿ 24ನೆಯ ವಾರದಲ್ಲಿ ಮೊದಲ ಮೊಟ್ಟೆ ಕಂಡಿತು. ಅದಕ್ಕೆ ಸಿಪ್ಪೆಯೇ ಗಟ್ಟಿಯಿರಲಿಲ್ಲ. ಸಿಪ್ಪೆ ಕಟ್ಟುವುದಕ್ಕೇ ಸುಮಾರು 20 ಗಂಟೆ ಬೇಕಾಗುವುದರಿಂದ ಹೊಸದರಲ್ಲಿ ಹೀಗಾಗುವುದುಂಟು.

ಈಗ 11 ಹಕ್ಕಿಗಳೂ ಆರೋಗ್ಯವಾಗಿವೆ. ಚಿಕ್ಕದು ಇಂದಿಗೂ ಎಲ್ಲಕ್ಕೂ ಕಡೆಯಲ್ಲಿಯೇ ಉಣ್ಣುತ್ತದೆ. ಆದರೆ ಉಣ್ಣುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಬರುವ ಮೊಟ್ಟೆಗಳು ಎಲ್ಲರಿಗೂ ಸಾಲದೆ, ಚಿಕ್ಕ ಮಕ್ಕಳಿಗೆ ಸರದಿಯಂತೆ ಹಂಚಲ್ಪಡುತ್ತಿವೆ. ಆ ಸರದಿಯ ಪಟ್ಟಿಯನ್ನು ಹುಡುಗಿಯರೇ ಬರೆದು ಭೋಜನಶಾಲೆಯ ಗೋಡೆಗೆ ಅಂಟಿಸಿದ್ದಾರೆ.