ಸರ್ವರ್ ಡೌನ್ ಎಂದರೆ ಡೌನ್ ಆದದ್ದು ಯಾವುದು?

‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಪಡಿತರ ಅಂಗಡಿಯಲ್ಲಿ ಬೆರಳಚ್ಚು ಕೊಡುವಾಗ, ಬ್ಯಾಂಕಿನಲ್ಲಿ ಪಾಸ್‌ಬುಕ್ ಚಾಚುವಾಗ, ಎಲ್ಲೆಲ್ಲೂ ಇದೇ ಮಾತು. 2023ರ ಜುಲೈ 19ರಂದು ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗಲಂತೂ ರಾಜ್ಯದ ಸೇವಾ ಕೇಂದ್ರಗಳಲ್ಲಿ ಎಷ್ಟೋ ಮಹಿಳೆಯರು ಇದನ್ನು ಕೇಳಿ ಬರಿಗೈಯಲ್ಲಿ ಮರಳಿದರು. ಒಂದೇ ಬಾಗಿಲಿಗೆ ಲಕ್ಷಾಂತರ ಜನ ಒಟ್ಟಿಗೆ ಬಂದರೆ ಬಾಗಿಲು ಕಟ್ಟಿಕೊಳ್ಳುವುದು ಸಹಜ. ಆದರೆ ಪ್ರತಿ ಸಲವೂ ತಪ್ಪು ದೂರದ ಸರ್ವರಿನದ್ದೇ ಆಗಿರುತ್ತದೆಯೇ? ಕೆಲವೊಮ್ಮೆ ಅದು ಅದೇ ಕೋಣೆಯ ಗೋಡೆಯಲ್ಲಿರುತ್ತದೆ.

ಕಾಪುವಿನಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರ ಕಚೇರಿಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಶುಲ್ಕ, ಅಂಕ, ಹಾಜರಿ ಎಲ್ಲವೂ ಮೂಲೆಯಲ್ಲಿದ್ದ ಒಂದು ಸರ್ವರಿನಲ್ಲಿ ಕೂಡಿಡಲ್ಪಡುತ್ತಿದ್ದವು. ಇದ್ದಕ್ಕಿದ್ದಂತೆ ಸಂಪರ್ಕ ಕಡಿದುಹೋಗುವುದು, ನೋಡನೋಡುತ್ತಿದ್ದಂತೆ ಮತ್ತೆ ಬರುವುದು. ಸದಾ ಇರುವ ರೋಗಕ್ಕೆ ಮದ್ದು ಸುಲಭ. ಬಂದು ಹೋಗುವ ರೋಗ ವೈದ್ಯರು ಬಂದಾಗಲೇ ಅಡಗಿ ಕುಳಿತಿರುತ್ತದೆ. ಉಡುಪಿಯಿಂದ ಬಂದ ರಿಪೇರಿಯವರು ಒಮ್ಮೆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್ ಬದಲಿಸಿದರು, ಇನ್ನೊಮ್ಮೆ ಕೇಬಲ್ ಬದಲಿಸಿದರು. ಹಣ ಹೋಯಿತು, ರೋಗ ಹೋಗಲಿಲ್ಲ.

ಅಷ್ಟರಲ್ಲಿ ಒಬ್ಬ ತಾಯಿಗೆ ‘ನಿಮ್ಮ ಮಗಳ ಶುಲ್ಕ ಬಾಕಿ ಇದೆ’ ಎಂಬ ಚೀಟಿ ಹೋಯಿತು. ಬೀಡಿ ಕಟ್ಟಿ ಮಕ್ಕಳನ್ನು ಓದಿಸುತ್ತಿದ್ದ ವಿಧವೆ ಆಕೆ. “ಟೀಚರ್, ನಾನು ಕಟ್ಟಿದ್ದೇನೆ, ನೋಡಿ” ಎಂದು ಕೈಬರಹದ ರಶೀದಿ ತೋರಿಸಿದರು. ಕಂಪ್ಯೂಟರಿನಲ್ಲಿ ಮಾತ್ರ ಆ ಹಣದ ಸುಳಿವಿರಲಿಲ್ಲ. ಎಲ್ಲರ ಕಣ್ಣೂ ಗುಮಾಸ್ತೆ ಹುಡುಗಿಯ ಮೇಲೆ ಬಿತ್ತು. ಕಾರ್ಕಳದಿಂದ ಬಸ್ಸು ಹಿಡಿದು ಬರುತ್ತಿದ್ದ, ಕೆಲಸ ಇನ್ನೂ ಕಾಯಂ ಆಗದ ಹುಡುಗಿ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆಗ ನೆರವಿಗೆ ಬಂದವನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿ. ಅವನು ಯಾವ ಯಂತ್ರವನ್ನೂ ಬಿಚ್ಚಲಿಲ್ಲ. ಒಂದು ನೋಟುಪುಸ್ತಕ ಕೊಟ್ಟು, “ಸಂಪರ್ಕ ಕಡಿದಾಗಲೆಲ್ಲ ಗಂಟೆ, ನಿಮಿಷ ಬರೆಯಿರಿ. ಒಂದು ಕಂಪ್ಯೂಟರಿನಲ್ಲೋ ನಾಲ್ಕರಲ್ಲೂವೋ, ಅದನ್ನೂ ಬರೆಯಿರಿ” ಎಂದ. ಒಂದರಲ್ಲಿ ಮಾತ್ರ ಕಡಿದರೆ ದೋಷ ಆ ಕಂಪ್ಯೂಟರಿನದ್ದು ಅಥವಾ ಅದರ ಕೇಬಲಿನದ್ದು. ನಾಲ್ಕೂ ಒಟ್ಟಿಗೆ ಕಡಿದರೆ ದೋಷ ನಾಲ್ಕಕ್ಕೂ ಸಮಾನವಾದ ಕಡೆಯಲ್ಲಿದೆ ಎಂದು ಅರ್ಥ. ಹದೀಸ್ ಪಾಠದಲ್ಲಿ ಸನದಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಪರಿಶೀಲಿಸುವುದನ್ನು ಕಲಿತ ನನಗೆ ಈ ಕ್ರಮ ಹೊಸದೆನಿಸಲಿಲ್ಲ.

ನಂತರ ಅವನು ಎರಡು ಕಂಪ್ಯೂಟರುಗಳಲ್ಲಿ ‘ಪಿಂಗ್’ ಓಡಿಸಿಟ್ಟ. ಅಮೆರಿಕದ ಮೈಕ್ ಮೂಸ್ 1983ರಲ್ಲಿ ಬರೆದ ಪುಟ್ಟ ಸಾಧನವಿದು. ಬಾವಿಗೆ ಕೂಗಿ ಮಾರ್ದನಿಗೆ ಕಾಯುವಂತೆ ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ಕೇಳುತ್ತಲೇ ಇರುತ್ತದೆ. ಒಂದು ಕಂಪ್ಯೂಟರ್ ಸರ್ವರನ್ನು ಕೇಳುತ್ತಿತ್ತು, ಇನ್ನೊಂದು ಪಕ್ಕದ ಕಂಪ್ಯೂಟರನ್ನು. ಎರಡಕ್ಕೂ ಒಂದೇ ಕ್ಷಣದಲ್ಲಿ ಉತ್ತರ ನಿಂತಿತು. ಅಂದರೆ ಸರ್ವರ್ ನಿರಪರಾಧಿ! ಎಲ್ಲ ಕೇಬಲುಗಳೂ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಎಂಬ ಡಬ್ಬಿಯ ಮೇಲೆ ಸಂಶಯ ಬಿತ್ತು.

ಆ ಡಬ್ಬಿ ಏಕೆ ಕೈಕೊಡುತ್ತಿತ್ತು? ಉತ್ತರ ನೋಟುಪುಸ್ತಕದಲ್ಲಿತ್ತು. ಹತ್ತು ದಿನಗಳ ಬರಹದಲ್ಲಿ ಹೆಚ್ಚಿನವು ಎರಡೇ ಹೊತ್ತಿನವು: ಬೆಳಗಿನ ವಿರಾಮ ಮುಗಿಯುವಾಗ, ಮತ್ತು ಝುಹ್ರ್ ನಮಾಝಿಗೆ ಮಕ್ಕಳು ವುಝೂ ಮಾಡಿದ ಬಳಿಕ. ರಜಾದಿನ ಕಚೇರಿ ತೆರೆದಿದ್ದರೂ ಒಮ್ಮೆಯೂ ಕಡಿದಿರಲಿಲ್ಲ. ಮಕ್ಕಳು ನಳ್ಳಿ ತಿರುಗಿಸಿದಾಗ ಟ್ಯಾಂಕ್ ಬರಿದಾಗಿ ನೀರಿನ ಪಂಪ್ ತಾನಾಗಿ ಚಾಲೂ ಆಗುತ್ತಿತ್ತು. ಪಂಪ್ ಏಳುವಾಗ ಆ ಲೈನಿನ ವೋಲ್ಟೇಜ್ ಕುಸಿಯುತ್ತಿತ್ತು. ಕಂಪ್ಯೂಟರು, ಸರ್ವರುಗಳಿಗೆ ಯುಪಿಎಸ್ ಇತ್ತು. ಮೆಟ್ಟಿಲಡಿಯ ಡಬ್ಬಿಗೆ ಮಾತ್ರ ಇರಲಿಲ್ಲ. ಅದು ಆರಿ, ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಶುಲ್ಕದ ಲೆಕ್ಕ ಅರ್ಧದಲ್ಲೇ ಅಳಿದುಹೋಗಲು ಅಷ್ಟು ಸಾಕಾಗಿತ್ತು.

ಡಬ್ಬಿಯನ್ನು ಯುಪಿಎಸ್‌ಗೆ ಜೋಡಿಸಿ, ಪಂಪಿಗೆ ಬೇರೆ ಲೈನ್ ಎಳೆಸಿದೆವು. ಅಂದಿನ ನಗದು ಪುಸ್ತಕ ತೆಗೆದು ನೋಡಿದಾಗ ಆ ತಾಯಿಯ ಹಣ ಬ್ಯಾಂಕಿಗೆ ಜಮೆಯಾಗಿತ್ತು. ಹುಡುಗಿಯ ಕೆಲಸ ಉಳಿಯಿತು. ಅದಕ್ಕಿಂತ ದೊಡ್ಡದು, ಅವಳ ಮಾನ ಉಳಿಯಿತು.

ಎಲ್ಲ ಕಡೆಯೂ ಕಾರಣ ಪಂಪೇ ಆಗಿರುವುದಿಲ್ಲ. ಕರಾವಳಿಯ ಉಪ್ಪುಗಾಳಿಗೆ ಪಿನ್ನುಗಳು ಕಿಲುಬು ಹಿಡಿಯುತ್ತವೆ, ಇಲಿ ಕೇಬಲ್ ಕಚ್ಚುತ್ತದೆ, ಸಿಡಿಲು ಮಳೆಗಾಲದ ಶತ್ರು. ನೆಟ್‌ವರ್ಕ್ ಕೇಬಲಿನೊಳಗೆ ಎಂಟು ತಂತಿಗಳಿರುತ್ತವೆ; ಒಂದು ಸಡಿಲವಾದರೂ ಸಂಪರ್ಕ ಬಂದು ಹೋಗಬಹುದು. ಈ ಕೇಬಲನ್ನು 100 ಮೀಟರಿಗಿಂತ ಉದ್ದ ಎಳೆಯಬಾರದು. ಎರಡು ಯಂತ್ರಗಳಿಗೆ ಒಂದೇ ವಿಳಾಸ ಸಿಕ್ಕಿದರೂ ಜಗಳ ತಪ್ಪದು. ಕಾರಣ ಯಾವುದೇ ಇರಲಿ, ಹುಡುಕುವ ದಾರಿ ಒಂದೇ: ಸಮಯ ಬರೆದಿಡುವುದು, ಯಾರ್ಯಾರಿಗೆ ಕಡಿಯಿತೆಂದು ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ. ಮನೆಯ ವೈಫೈಗೂ ಇದೇ ಕ್ರಮ ಸಾಕು.

ಸಹೋದರಿಯರೇ, ಇನ್ನು ಮುಂದೆ ಯಾರಾದರೂ ‘ಸರ್ವರ್ ಡೌನ್’ ಎಂದರೆ ಸುಮ್ಮನೆ ತಿರುಗಿ ಬರಬೇಡಿ. ‘ಈ ಮೇಜಿನಲ್ಲಿ ಮಾತ್ರವೇ, ಎಲ್ಲ ಕಡೆಯೂ ಹೀಗೆಯೇ? ಎಷ್ಟು ಹೊತ್ತಿನಿಂದ?’ ಎಂದು ಸಮಾಧಾನದಿಂದ ಕೇಳಿ. ಹಣ ಕೊಟ್ಟಿದ್ದರೆ ಕಾಗದದ ರಶೀದಿ ಪಡೆದು ಜೋಪಾನವಾಗಿಡಿ. ಕಂಪ್ಯೂಟರ್ ಮರೆತದ್ದನ್ನು ಆ ತುಂಡು ಕಾಗದ ನೆನಪಿಟ್ಟುಕೊಂಡಿರುತ್ತದೆ.