ಮಂಜು ಬೀಳುವ ಊರಿನಲ್ಲಿ ಗೋಡೆ ಕೆಲಸ

ಹಿಮ ಮುಚ್ಚಿದ ಮನೆಗಳನ್ನು ಚಿತ್ರದ ಪುಸ್ತಕದಲ್ಲಿ ನೋಡಿದ್ದ ನನ್ನ ಮಗ, ಡಿಸೆಂಬರಿನಲ್ಲಿ ಯರಗುಪ್ಪಿಗೆ ಹೊರಟಾಗ ಬಸ್ಸಿನಲ್ಲೇ ಕೇಳಿದ: ‘ಅಲ್ಲಿ ಮಂಜು ಬೀಳತದೇನು?’ ಬೀಳುತ್ತದೆ ಎಂದೆ. ಸುಳ್ಳೇನೂ ಹೇಳಲಿಲ್ಲ.

ಯರಗುಪ್ಪಿ ಇರುವುದು ಕುಂದಗೋಳ ತಾಲ್ಲೂಕಿನಲ್ಲಿ. ಸುತ್ತ ಕಣ್ಣು ಹಾಯುವಷ್ಟೂ ಎರೆ ಹೊಲ. ಹಿಂಗಾರು ಮಳೆ ನಿಂತ ಮೇಲೆ ಜೋಳ, ಕಡಲೆ, ಕುಸುಬೆ ಬೆಳೆಯುವುದು ಆ ಕಪ್ಪು ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ. ಮರುದಿನ ನಸುಕಿನಲ್ಲಿ ದೊಡ್ಡಪ್ಪ ಅವನನ್ನು ಕಡಲೆ ಹೊಲಕ್ಕೆ ಕರೆದೊಯ್ದರು. ರಾತ್ರಿ ಗಿಡಗಳ ಮೇಲೆ ಹಾಸಿದ್ದ ಬಿಳಿ ಧೋತರ ಮಂಜಿಗೆ ತೊಯ್ದು ತೊಪ್ಪೆಯಾಗಿತ್ತು. ಹಿಂಡಿದರೆ ಬಟ್ಟಲು ತುಂಬ ಹುಳಿನೀರು! ಕಡಲೆ ಎಲೆಯ ಸಣ್ಣ ಕೂದಲುಗಳಿಂದ ಜಿನುಗುವ ಹುಳಿ ಇಬ್ಬನಿಯಲ್ಲಿ ಬೆರೆತಿರುತ್ತದೆ. ಹೊಟ್ಟೆನೋವಿಗೆಂದು ಅದನ್ನು ಶೀಸೆಯಲ್ಲಿ ತೆಗೆದಿಡುತ್ತಾರೆ. ನೆಕ್ಕಿ ನೋಡಿದ ಮಗನ ಮುಖ ಹೇಗಾಗಿತ್ತೆಂದು ಬೇರೆ ಹೇಳಬೇಕಿಲ್ಲ.

ನಾವು ಹೋಗಿದ್ದು ಗೋಡೆಗಾಗಿ. ಬೆಳೆಗೆ ಹಸಿ ಕೊಡುವ ಎರೆ ಮಣ್ಣು ಮನೆಗೆ ಅಷ್ಟು ಒಳ್ಳೆಯದಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ದೊಡ್ಡವ್ವನ ಮನೆಯ ಪಡುವಣ ಗೋಡೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟಿತ್ತು. 2019ರ ಆಗಸ್ಟ್ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದಾಗಿನಿಂದ ನಮಗೆಲ್ಲ ಅದೇ ಚಿಂತೆ. ಕೆಡವಿ ಸ್ಲ್ಯಾಬ್ ಹಾಕಿಸೋಣ ಎಂದು ಹುಬ್ಬಳ್ಳಿಯಲ್ಲಿರುವ ಅಣ್ಣ. ‘ನಾ ಇರೂತನಕ ಇರ್ಲಿ. ಆಮ್ಯಾಲೆ ನೀವು ಏನರ ಮಾಡ್ಕೋರಿ’ ಎಂದು ದೊಡ್ಡವ್ವ.

ಗೌಂಡಿ ಬಂದವನೇ ಗೋಡೆ ನೋಡಲಿಲ್ಲ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ನೋಡಿದ. ಅದು ಆ ಮೂಲೆಯ ಬುಡದಲ್ಲೇ ಇಂಗುತ್ತಿತ್ತು. ಇಷ್ಟು ವರ್ಷ ನಮಗ್ಯಾರಿಗೂ ಹೊಳೆಯದ ಮಾತು! ಮೊದಲು ನೀರು ದೂರ ಸಾಗಿಸಿ, ಬುಡವನ್ನು ಗಟ್ಟಿ ಗರಸು ಸಿಗುವವರೆಗೆ ಅಗೆದು ಕಲ್ಲು ತುಂಬಿಸಿದ. ಆಮೇಲೆ ಮೆತ್ತುವ ಕೆಲಸ. ಮಣ್ಣು, ಹೊಟ್ಟು, ಸಗಣಿ ಕಲಸಿ ನಾಲ್ಕು ದಿನ ನೆನೆಹಾಕಿದ್ದನ್ನು ಬೆಳಿಗ್ಗೆ ಕಾಲಿನಿಂದ ತುಳಿಯಬೇಕು. ಆ ಚಳಿಯಲ್ಲಿ ಆ ಕೆಸರು! ಪಾದ ಮರಗಟ್ಟಿದರೆ ಓಡಿ ಒಲೆಯ ಮುಂದೆ ಕೂರುವುದು, ಎಳ್ಳು ಹಚ್ಚಿದ ಬಿಸಿ ಸಜ್ಜೆ ರೊಟ್ಟಿ, ಬೆಣ್ಣೆ ತಿನ್ನುವುದು, ಮತ್ತೆ ಬಂದು ತುಳಿಯುವುದು.

ಬೇಸಿಗೆಯಲ್ಲಿ ಮಾಡಬಾರದಿತ್ತೇ ಎಂದೆ. ಸುಡುಬಿಸಿಲಿಗೆ ಮೇಲ್ಪದರ ಬೇಗ ಒಣಗಿ ಸೀಳುತ್ತದಂತೆ. ಚಳಿಗಾಲದ ಎಳೆ ಬಿಸಿಲಿಗೆ ನಿಧಾನ ಆರುತ್ತದೆ. ಅಲ್ಲದೆ ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ಸಂಕ್ರಾಂತಿ ದಾಟಿದರೆ ಸುಗ್ಗಿ. ಆಗ ಆಳು ಸಿಗುವುದಿಲ್ಲ.

ಮಾಳಿಗೆ ಮಾತ್ರ ಬೇಸಿಗೆಯ ಪಾಲು. ಜಂತಿಯ ಮೇಲಿನ ಮಣ್ಣಿಗೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಬೇಕು. ತೊಯ್ದಾಗ ಅದರ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುವುದರಿಂದ ನೀರು ಕೆಳಗಿಳಿಯದು.

ರಾತ್ರಿ ಹೊರಗೆ ಗಡಗಡ ನಡುಕ. ಒಳಗೆ ಎರಡಡಿ ದಪ್ಪದ ಗೋಡೆಗಳು ಹಗಲಿನ ಬಿಸಿಲನ್ನು ಕಾಯ್ದಿಟ್ಟಿರುತ್ತವೆ. ಒಂದೇ ಕೌದಿ ಸಾಕಾಯಿತು. ಧಾರವಾಡದ ನಮ್ಮ ಸಿಮೆಂಟ್ ಮನೆಯಲ್ಲಿ ಎರಡು ಹೊದ್ದರೂ ಸಾಲದು. ದೊಡ್ಡವ್ವನ ಹಟ ನನಗೆ ಅರ್ಥವಾಗಿದ್ದು ಆಗಲೇ.

ಹೊರಡುವ ದಿನ ಕಡಲೆ ಸುಲಗಾಯಿ, ಹುಳಿಯ ಶೀಸೆ ಕಟ್ಟಿಕೊಟ್ಟಳು. ಹೊಸ ಗೋಡೆಗೆ ಹೆಬ್ಬೆರಳು ಒತ್ತಿ ನೋಡಿ, ‘ಇನ್ನೂ ಹಸಿ ಐತಿ. ಮೊದಲ ದೊಡ್ಡ ಮಳಿ ಆದ ದಿನಾ ಫೋನ್ ಮಾಡ್ತೀನಿ’ ಎಂದಳು.